ಸಂಶೋಧಕ ವೈದ್ಯರನ್ನು ರ‍್ಯಾಂಕ್ ಪಟ್ಟಿಯಿಂದ ಹೆಕ್ಕಬೇಡಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಗಳ ಆಸ್ಪತ್ರೆ ಕಟ್ಟುವುದಾಗಿ 2022ರ ಫೆಬ್ರುವರಿಯಲ್ಲಿ ಘೋಷಣೆಯಾಯಿತು. ಬಾಗ್ಚಿ ದಂಪತಿ ಮತ್ತು ಪಾರ್ಥಸಾರಥಿ ದಂಪತಿ ಇದಕ್ಕೆ 425 ಕೋಟಿ ರೂಪಾಯಿ ದಾನ ಕೊಡಲು ಮುಂದೆ ಬಂದರು. ಯೋಜನೆಯ ಜೀವಾಳ ಸಂಶೋಧಕ ವೈದ್ಯರನ್ನು ರೂಪಿಸುವ ಎಂಡಿ–ಪಿಎಚ್‌ಡಿ ಜಂಟಿ ಪದವಿ. ದಾನದ ಬಗ್ಗೆ, ಕಟ್ಟಡದ ಬಗ್ಗೆ ಬೇಕಾದಷ್ಟು ಮಾತಾಯಿತು. ಇಂಥ ಪದವಿಗೆ ಯಾರನ್ನು, ಹೇಗೆ ಆರಿಸಬೇಕು ಎಂಬ ಚರ್ಚೆ ಮಾತ್ರ ಆಗಬೇಕಾದಷ್ಟು ಆಗಿಲ್ಲ.

ನಮ್ಮಲ್ಲಿ ಎಂಡಿ ಸೀಟು ಎಂದರೆ ನೀಟ್ ಪಿಜಿ ಪ್ರವೇಶ ಪರೀಕ್ಷೆ. ಏಮ್ಸ್, ಜಿಪ್ಮರ್, ನಿಮ್ಹಾನ್ಸ್‌ನಂಥ ಕಡೆ ಐಎನ್‌ಐ ಸಿಇಟಿ. ನೀಟ್ ಪಿಜಿಯಲ್ಲಿ 200 ಬಹು ಆಯ್ಕೆ ಪ್ರಶ್ನೆಗಳು, ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಉತ್ತರ ಇರುವ ಪ್ರಶ್ನೆಯನ್ನು ಬೇಗ ಬಿಡಿಸುವ ಚುರುಕು ಅಲ್ಲಿ ತಿಳಿಯುತ್ತದೆ. ಉತ್ತರ ಸಿಗದ ಪ್ರಶ್ನೆಯೊಂದನ್ನು ಹಿಡಿದು ವರ್ಷಗಟ್ಟಲೆ ಕೂರುವ ತಾಳ್ಮೆ ಇದೆಯೇ ಎಂದು ಆ ಪರೀಕ್ಷೆ ಕೇಳುವುದೇ ಇಲ್ಲ. ಸಾಲದ್ದಕ್ಕೆ 2023ರಲ್ಲಿ ಖಾಲಿ ಸೀಟು ತುಂಬಿಸಲು ಅರ್ಹತಾ ಪರ್ಸೆಂಟೈಲನ್ನೇ ಸೊನ್ನೆಗೆ ಇಳಿಸಲಾಯಿತು.

ಹಾಗಾದರೆ ಅಮೆರಿಕದ ದಾರಿ ಹಿಡಿಯೋಣ ಎನ್ನುವವರಿದ್ದಾರೆ. ಅಲ್ಲಿ 1964ರಿಂದ ಸರ್ಕಾರಿ ಅನುದಾನದಲ್ಲಿ ಇಂಥ ಜಂಟಿ ಪದವಿಗಳು ನಡೆಯುತ್ತಿವೆ. ಹೆಚ್ಚಿನ ಕಡೆ ಶುಲ್ಕವಿಲ್ಲ, ಮೇಲೆ ಶಿಷ್ಯವೇತನ; ಮುಗಿಯಲು ಸುಮಾರು ಎಂಟು ವರ್ಷ. ಪ್ರವೇಶ ಪರೀಕ್ಷೆಯ ಅಂಕದ ಜೊತೆಗೆ ಮೂರು ಪ್ರಬಂಧ ಬರೆಯಬೇಕು. ಅವುಗಳಲ್ಲಿ ಒಂದು, ತಾನು ಮಾಡಿದ ಸಂಶೋಧನೆಯ ವಿವರಕ್ಕೇ ಮೀಸಲು. ಮಾರ್ಗದರ್ಶಕರ ಪತ್ರ ಬೇಕು, ಹಲವು ಪ್ರಾಧ್ಯಾಪಕರ ಎದುರು ಕೂತು ಮಾತಾಡಬೇಕು. ವ್ಯವಸ್ಥೆ ಚೆನ್ನಾಗಿದೆ. ಆದರೆ ಬೇಸಿಗೆ ರಜೆಯನ್ನು ಲ್ಯಾಬಿನಲ್ಲಿ ಕಳೆದವರಿಗೆ, ಪದವಿಯ ಮೇಲೆ ಒಂದೆರಡು ವರ್ಷ ಸಣ್ಣ ಸಂಬಳಕ್ಕೆ ಲ್ಯಾಬ್ ಕೆಲಸ ಮಾಡಿದವರಿಗೆ ಮಾತ್ರ ಆ ಪ್ರಬಂಧದಲ್ಲಿ ಬರೆಯಲು ಏನಾದರೂ ಇರುತ್ತದೆ. ಮನೆಗೆ ದುಡಿದು ಹಾಕಬೇಕಾದವರು ಅರ್ಜಿಯ ಹಂತದಲ್ಲೇ ಹಿಂದೆ ಬೀಳುತ್ತಾರೆ.

ಈ ಅಳತೆಗೋಲನ್ನು ಹಾಗೇ ತಂದರೆ ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಡ್ಡಾಯ ಸೇವೆ ಮಾಡುತ್ತಿರುವ ಎಂಬಿಬಿಎಸ್ ವೈದ್ಯೆಯ ಗತಿ ಏನು? ಆಕೆಯ ಸುತ್ತಲೇ ಉತ್ತರ ಸಿಗದ ಪ್ರಶ್ನೆಗಳಿವೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಇವತ್ತಿಗೂ ಅದಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಹಳೆಯ ಲಸಿಕೆಯ ಬಲ ಕುಂದಿ ಅದನ್ನು ಕೈಬಿಡಬೇಕಾಯಿತು. ಸೌದೆಗೆ, ದರಗಿಗೆ ಕಾಡಿಗೆ ಹೋಗುವವರ ಕೈಗೆ ರೋಗ ಹರಡುವ ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳಲು ಡೆಪಾ ಎಣ್ಣೆಯ ಬಾಟಲಿ ಕೊಟ್ಟು ಕಳಿಸುತ್ತೇವೆ. ಪಕ್ಕದ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಕಾಯಿಲೆಯಿಂದ ಕೀಲು ಸವೆದು, ನಡೆಯಲಾರದೆ ಕೂತವರಿದ್ದಾರೆ. ಅವರಲ್ಲಿ ಹೆಚ್ಚಿನವರು ದಲಿತ ಕೂಲಿಕಾರರು. ಹೊರರೋಗಿಗಳ ರಿಜಿಸ್ಟರಿನಲ್ಲಿ ಯಾವ ಊರಿನಿಂದ, ಯಾವ ತಿಂಗಳಲ್ಲಿ ಎಷ್ಟು ಜ್ವರದ ಪ್ರಕರಣ ಬಂದವು ಎಂದು ಗೆರೆ ಎಳೆದು ನೋಡಿ, ಹೀಗೇಕೆ ಎಂದು ಕೇಳಿಕೊಂಡ ವೈದ್ಯೆ ಸಂಶೋಧನೆ ಶುರುಮಾಡಿಯಾಗಿದೆ. ಅದನ್ನು ಅನುಭವವೆಂದು ಎಣಿಸುವ ಅರ್ಜಿ ನಮೂನೆ ನಮಗೆ ಬೇಕು.

ಸಂದರ್ಶನ ಎಂದ ಕೂಡಲೇ ವಶೀಲಿ, ಜಾತಿ, ದುಡ್ಡು ಎಂಬ ಆಕ್ಷೇಪ ಏಳುತ್ತದೆ. ಅದರಲ್ಲಿ ಸತ್ಯವಿದೆ. ವೈದ್ಯಕೀಯ ಸೀಟುಗಳನ್ನು ಮಾರಿಕೊಂಡ ಇತಿಹಾಸ ನಮ್ಮದು. ಅದಕ್ಕೆ ಕಡಿವಾಣ ಹಾಕಲೆಂದೇ ಒಂದೇ ಪರೀಕ್ಷೆ ಬಂತು. ಆದ್ದರಿಂದ ನೀಟ್ ಪಿಜಿ ಅಥವಾ ಐಎನ್‌ಐ ಸಿಇಟಿ ಹೊಸ್ತಿಲಾಗಿ ಇರಲಿ, ಮೀಸಲಾತಿ ಒಂದಿಷ್ಟೂ ಸಡಿಲವಾಗದಿರಲಿ. ಹೊಸ್ತಿಲು ದಾಟಿದವರ ನಡುವಿನ ಆಯ್ಕೆಗೆ ಮಾತ್ರ ರ‍್ಯಾಂಕ್ ಬೇಡ. ಹೊರಗಿನ ಸದಸ್ಯರೂ ಇರುವ ಸಮಿತಿ ಅಭ್ಯರ್ಥಿಯ ಪ್ರಶ್ನೆಯನ್ನು, ಅದನ್ನು ಬೆನ್ನಟ್ಟುವ ಬಗೆಯನ್ನು ಪರೀಕ್ಷಿಸಲಿ, ಯಾವ ಆಧಾರದ ಮೇಲೆ ಎಷ್ಟು ಅಂಕ ಕೊಟ್ಟಿತೆಂದು ಪ್ರಕಟಿಸಲಿ. ಕನ್ನಡದಲ್ಲಿ ಉತ್ತರಿಸಲು ಅವಕಾಶ ಇರಲಿ. ರೋಗಿಯ ಜೊತೆ ಆ ಭಾಷೆಯಲ್ಲೇ ತಾನೇ ಮಾತಾಡಬೇಕು?

ಇದಕ್ಕೆ ನಿಯಮ ಬದಲಾಗಬೇಕಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬದಲಾಯಿಸಲಿ. ಜಂಟಿ ಪದವಿ ನಡೆಸುವ ಸಂಸ್ಥೆಗಳು ಆಯೋಗದ ಮುಂದೆ ಈ ಬೇಡಿಕೆಯನ್ನು ಈಗಲೇ ಇಡಬೇಕು.