ಆ ಹುಡುಗಿ ಕುಣಿದಿರಲಿಲ್ಲ: ಹಬ್ಬದ ವಿಡಿಯೊ ಮತ್ತು ಶಿಕ್ಷಕರ ಹೊಣೆ

ಈ ಬಾರಿ ಸಂಕ್ರಾಂತಿ ಕಳೆದು ನಾಲ್ಕು ದಿನಗಳ ಮೇಲೆ ಪಾಠ ವೀಕ್ಷಣೆಗೆಂದು ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ನಮ್ಮ ಕಾಲೇಜಿನ ಐವರು ಪ್ರಶಿಕ್ಷಣಾರ್ಥಿಗಳು ಅಲ್ಲಿ ಇಂಟರ್ನ್‌ಶಿಪ್‌ನಲ್ಲಿದ್ದರು. ಎರಡನೆಯ ಅವಧಿಗೆ ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ನಮೂನೆಯನ್ನು ತೆರೆಯುವಷ್ಟರಲ್ಲಿ ಮುಖ್ಯ ಶಿಕ್ಷಕರಿಂದ ಕರೆ ಬಂತು. ಅವರ ಕೊಠಡಿಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಂದೆ ನಿಂತಿದ್ದರು. ಕೂರಿ ಎಂದರೂ ಕೂತಿರಲಿಲ್ಲ.

"ಮೇಡಂ, ನಮ್ ಹುಡುಗೀನ ಯಾವಾಗ ಕುಣಿಸಿ ವಿಡಿಯೊ ತೆಗೆದ್ರಿ? ನಮ್ಮನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದರು.

ಯಾರೂ ಕುಣಿಸಿರಲಿಲ್ಲ. ಹುಡುಗಿ ಕುಣಿದೂ ಇರಲಿಲ್ಲ. ನಡೆದದ್ದು ಇಷ್ಟು. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಆ ತರಗತಿಗೆ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದರು. ಚಾರ್ಟ್ ತಯಾರಿಸಿದ ದಿನ ಮಕ್ಕಳು ತಮ್ಮ ತಮ್ಮ ಚಾರ್ಟ್ ಹಿಡಿದು ನಿಂತ ಫೋಟೊಗಳನ್ನು ಇಂಟರ್ನ್‌ಶಿಪ್ ವರದಿಗೆಂದು ತೆಗೆದಿದ್ದರು. ಹಬ್ಬ ಬಂತು. ಫೋಟೊ ಕೊಟ್ಟರೆ ವಿಡಿಯೊ ಮಾಡಿಕೊಡುವ ಎಐ ಆ್ಯಪ್ ಒಂದು ಅವರ ಫೋನಿನಲ್ಲಿತ್ತು. ಎರಡು ರಾತ್ರಿ ನಿದ್ದೆಗೆಟ್ಟು 32 ಮಕ್ಕಳಿಗೂ ಒಂದೊಂದು ಶುಭಾಶಯದ ವಿಡಿಯೊ ಮಾಡಿದರು. ಪ್ರತಿಯೊಂದರಲ್ಲೂ ಆಯಾ ಮಗುವಿನ ಹೆಸರು, ಮುಖ, ಹೊಸ ಬಟ್ಟೆ, ಹಿನ್ನೆಲೆಯಲ್ಲಿ ಹಾಡು. ಹುಡುಗರ ಕೈಯಲ್ಲಿ ಗಾಳಿಪಟ, ಹುಡುಗಿಯರು ಲಂಗ ದಾವಣಿ ತೊಟ್ಟು ಹಾಡಿಗೆ ಹೆಜ್ಜೆ ಹಾಕುವುದು. ಎಲ್ಲವನ್ನೂ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ನಾಲ್ಕೈದು ವಿಡಿಯೊಗಳನ್ನು ನನಗೂ ಕಳಿಸಿದ್ದರು. ನಾನು ಎರಡನ್ನು ನೋಡಿ, "ಚೆನ್ನಾಗಿದೆ" ಎಂದು ಹೆಬ್ಬೆರಳಿನ ಚಿತ್ರ ಒತ್ತಿ, ನನ್ನ ಕೆಲಸಕ್ಕೆ ಹೋಗಿದ್ದೆ. ಈ ಲೇಖನ ಬರೆಯಲು ಮೊದಲ ಕಾರಣ ನಾನು ಒತ್ತಿದ ಆ ಹೆಬ್ಬೆರಳು.

ಹುಡುಗಿಯ ವಿಡಿಯೊ ಗುಂಪಿನಿಂದ ನೆಂಟರ ಫೋನಿಗೆ ಹೋಗಿ, ಅಲ್ಲಿಂದ ಊರು ಸುತ್ತಿ ತಂದೆಯ ಬಳಿಗೆ ಬಂದಿತ್ತು. ಮನೆಯಲ್ಲಿ ವಿಚಾರಣೆ ನಡೆದಿದೆ. ನಾನು ಕುಣಿದಿಲ್ಲ ಎಂದು ಹುಡುಗಿ ಅತ್ತಿದ್ದಾಳೆ. ಕಣ್ಣೆದುರಿಗೇ ವಿಡಿಯೊ ಇರುವಾಗ ಅವಳ ಮಾತನ್ನು ನಂಬುವವರು ಯಾರು? ಮುಖ ಅವಳದೇ, ಹೆಸರೂ ಅವಳದೇ. ಎರಡು ದಿನ ಅವಳು ಶಾಲೆಗೆ ಬಂದಿರಲಿಲ್ಲ. ಆ ಮನೆಯಲ್ಲಿ ಹೆಣ್ಣುಮಕ್ಕಳು ಕುಣಿಯುವುದು ತಪ್ಪೇ ಎಂಬ ಚರ್ಚೆ ಬೇರೆ. ಅದನ್ನು ಮಾಡಲು ಶಿಕ್ಷಕರಿಗೆ ಬೇರೆ ದಾರಿಗಳಿವೆ. ಇಲ್ಲಿ ಆದದ್ದು ಬೇರೆ: ಒಂದು ಮಗು ಮಾಡದ ಕೆಲಸಕ್ಕೆ ಉತ್ತರ ಹೇಳಬೇಕಾಯಿತು, ಸತ್ಯ ಹೇಳಿದರೂ ಸುಳ್ಳಿ ಎನ್ನಿಸಿಕೊಂಡಿತು. ಅದಕ್ಕೆ ಕಾರಣ ಅದರ ಶಿಕ್ಷಕಿ.

ಮುಖ್ಯ ಶಿಕ್ಷಕರೂ ನಾನೂ ಆ ತಂದೆಗೆ ವಿವರಿಸಲು ಅರ್ಧ ಗಂಟೆ ಬೇಕಾಯಿತು. ಮಾತಿನಿಂದ ಅವರಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಪ್ರಶಿಕ್ಷಣಾರ್ಥಿಯೇ ಬಂದು, ಅಳುತ್ತಲೇ ತನ್ನ ಫೋಟೊವನ್ನು ಅದೇ ಆ್ಯಪ್‌ಗೆ ಹಾಕಿ, ತಾನು ಕುದುರೆ ಸವಾರಿ ಮಾಡುವ ವಿಡಿಯೊವನ್ನು ಅವರೆದುರಿಗೇ ತಯಾರಿಸಿ ತೋರಿಸಿದರು. ಆಗ ಅವರು ಕುರ್ಚಿಯಲ್ಲಿ ಕುಳಿತರು. "ಹಂಗಾರೆ ನಮ್ ಮಗಳು ನಿಜಾನೇ ಹೇಳಿದ್ಲು" ಎಂದರು. ಮಾರನೆಯ ದಿನ ಹುಡುಗಿ ಶಾಲೆಗೆ ಬಂದಳು. ಪ್ರಶಿಕ್ಷಣಾರ್ಥಿ ಅವಳಲ್ಲಿ ಕ್ಷಮೆ ಕೇಳಿದಾಗ ಅವಳು ಹೇಳಿದ್ದು ಒಂದೇ ಮಾತು: "ಮಿಸ್, ಅದ್ರಲ್ಲಿ ಹಲ್ಲೂ ನಂದಲ್ಲ."

ನಿಜ. ಆ ಹುಡುಗಿಯ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿದೆ. ಫೋಟೊದಲ್ಲಿ ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದಳು. ವಿಡಿಯೊದಲ್ಲಿ ನಕ್ಕಾಗ ಸಾಲಾಗಿ ಜೋಡಿಸಿದ ಹಲ್ಲುಗಳು ಕಾಣುತ್ತಿದ್ದವು. ಬಣ್ಣವೂ ಒಂದಿಷ್ಟು ತಿಳಿಯಾಗಿತ್ತು. ಇದನ್ನು ನಾನಾಗಲಿ ಪ್ರಶಿಕ್ಷಣಾರ್ಥಿಯಾಗಲಿ ಗಮನಿಸಿರಲಿಲ್ಲ. ಮಗು ಗಮನಿಸಿತ್ತು.

ಈ ಉಪಕರಣ ಕೆಲಸ ಮಾಡುವ ಬಗೆಯನ್ನು ನಾವು ತಿಳಿದುಕೊಳ್ಳಬೇಕು. ಫೋಟೊ ಎಂದರೆ ಒಂದು ಕ್ಷಣ. ಅದರ ಹಿಂದಿನ ಕ್ಷಣ, ಮುಂದಿನ ಕ್ಷಣ ಯಂತ್ರಕ್ಕೆ ತಿಳಿಯದು. ಅಸಂಖ್ಯಾತ ವಿಡಿಯೊಗಳನ್ನು ನೋಡಿ ಕಲಿತ ಮಾದರಿಯೊಂದು, "ಇಂಥ ಮುಖದವರು ಕುಣಿದರೆ ಸಾಮಾನ್ಯವಾಗಿ ಹೀಗೆ ಕಾಣುತ್ತದೆ" ಎಂದು ಊಹಿಸಿ ವಿಡಿಯೊದ ಚೌಕಟ್ಟುಗಳನ್ನು ಬರೆಯುತ್ತದೆ. ಮುಚ್ಚಿದ ಬಾಯಿಯೊಳಗಿನ ಹಲ್ಲು ಅದಕ್ಕೆ ಕಾಣದು. ನಗಿಸು ಎಂದರೆ ಯಾರದೋ ಹಲ್ಲನ್ನು ತಂದಿಡುತ್ತದೆ. ನಮ್ಮ ಊರಿನ ಸಂಕ್ರಾಂತಿಯೂ ಅದಕ್ಕೆ ಗೊತ್ತಿಲ್ಲ. ಮಂಡ್ಯ, ಮೈಸೂರು ಕಡೆ ಸಂಕ್ರಾಂತಿಯೆಂದರೆ ಎಳ್ಳು ಬೀರುವುದು, ಕಬ್ಬು, ದನಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿದು ಸಂಜೆ ಕಿಚ್ಚು ಹಾಯಿಸುವುದು. ಯಂತ್ರ 32 ಮಕ್ಕಳಲ್ಲಿ ಒಬ್ಬರಿಗೂ ಕಿಚ್ಚು ಹಾಯಿಸಲಿಲ್ಲ. ಹುಡುಗರಿಗೆಲ್ಲ ಗಾಳಿಪಟ ಕೊಟ್ಟಿತು. ಗುಜರಾತಿನ ಉತ್ತರಾಯಣದ ಗಾಳಿಪಟವನ್ನು ಹೆಚ್ಚು ನೋಡಿರಬೇಕು.

ಈ ವಿಡಿಯೊಗಳನ್ನು "ವೈಯಕ್ತಿಕ ಶುಭಾಶಯ" ಎಂದು ಕರೆಯುವ ರೂಢಿ ಬಂದಿದೆ. ಈ ಮಾತನ್ನು ನಾನು ಒಪ್ಪಲಾರೆ. ಶೈಕ್ಷಣಿಕ ಮನೋವಿಜ್ಞಾನದಲ್ಲಿ ನಾವು ವೈಯಕ್ತಿಕ ಭಿನ್ನತೆಯ ಬಗ್ಗೆ ಓದುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ. ಆ ವಿಡಿಯೊಗಳು ಮಾಡಿದ್ದು ಅದಕ್ಕೆ ನೇರ ವಿರುದ್ಧ: ಮಗುವಿನ ಹಲ್ಲಿನ ಸಂದಿ, ಮೈಬಣ್ಣ, ನಿಲ್ಲುವ ರೀತಿ, ಊರಿನ ಹಬ್ಬ ಎಲ್ಲವನ್ನೂ ಅಳಿಸಿ ಹೆಸರೊಂದನ್ನು ಉಳಿಸಿದವು. ಮಗುವಿಗೆ ವೈಯಕ್ತಿಕವಾದ ಮಾತು ಹೇಳಬೇಕಾದರೆ ಮಗುವನ್ನು ಬಲ್ಲವರೇ ಹೇಳಬೇಕು. "ನಿಮ್ಮ ಹಸು ಕರು ಹಾಕಿತಂತಲ್ಲ, ಈ ಸಲ ಕಿಚ್ಚಿಗೆ ಅದನ್ನೂ ಕರೆದುಕೊಂಡು ಹೋದೆಯಾ?" ಎಂದು ಕಾರಿಡಾರಿನಲ್ಲಿ ಕೇಳಿದರೆ ಸಾಕು, ಅದು ವೈಯಕ್ತಿಕ ಶುಭಾಶಯ. ಅದಕ್ಕೆ ಆ್ಯಪ್ ಬೇಕಿಲ್ಲ, ಹಾಜರಿ ಪುಸ್ತಕದಾಚೆಗೂ ಮಗುವನ್ನು ನೋಡಿದ್ದರೆ ಸಾಕು.

ಎರಡನೆಯ ವಿಷಯ ಅನುಮತಿ. "ಪ್ರೀತಿಯಿಂದ ಮಾಡಿದ್ದು ಮೇಡಂ, ಹಣಕ್ಕಲ್ಲ, ಹೆಸರಿಗಲ್ಲ" ಎಂದು ಪ್ರಶಿಕ್ಷಣಾರ್ಥಿ ಹೇಳಿದರು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ವರದಿಗೆಂದು ತೆಗೆದ ಫೋಟೊ ವರದಿಗೆ ಮಾತ್ರ. ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ವಿಡಿಯೊ ತಯಾರಾಗುವುದು ನಮ್ಮ ಫೋನಿನೊಳಗಲ್ಲ. ಫೋಟೊ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿ ವಿಡಿಯೊ ಆಗಿ ಹಿಂತಿರುಗುತ್ತದೆ. ಅಂದರೆ 32 ಮಕ್ಕಳ ಮುಖ ಮತ್ತು ಹೆಸರನ್ನು ನಾವು ನೋಡದ ಜಾಗಕ್ಕೆ ನಾವೇ ಕಳಿಸಿಕೊಟ್ಟೆವು. ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023, 18 ವರ್ಷ ತುಂಬದ ಎಲ್ಲರನ್ನೂ ಮಗು ಎಂದು ಪರಿಗಣಿಸುತ್ತದೆ. ಮಗುವಿನ ದತ್ತಾಂಶವನ್ನು ಬಳಸುವ ಮೊದಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಎನ್ನುತ್ತದೆ. ಮನೆಮಟ್ಟಿನ ಸ್ವಂತ ಬಳಕೆಯನ್ನು ಅದು ಹೊರಗಿಟ್ಟಿದೆ. ಆದರೆ ಶಾಲೆಯೊಳಕ್ಕೆ ಶಿಕ್ಷಕರಾಗಿ ಕಾಲಿಟ್ಟವರು ವಿದ್ಯಾರ್ಥಿಗಳ ಫೋಟೊದಿಂದ ಮಾಡುವ ಕೆಲಸವನ್ನು ಮನೆಯ ಕೆಲಸ ಎಂದುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಾನೂನಿನ ಮಾತು ಬಿಟ್ಟರೂ, ಮಗುವನ್ನೇ ಒಂದು ಮಾತು ಕೇಳಬಹುದಿತ್ತು. ಎಂಟನೆಯ ತರಗತಿಯ ಮಗುವಿಗೆ ಬೇಕು, ಬೇಡ ಎಂದು ಹೇಳಲು ಬರುತ್ತದೆ.

ಗುಂಪಿನಲ್ಲಿ ಬಂದ ವಿಡಿಯೊಗಳನ್ನು ತಮ್ಮ ಫೋನಿನಿಂದ ಅಳಿಸುವಂತೆ ಪೋಷಕರನ್ನು ಅಂದೇ ಕೇಳಿಕೊಂಡೆವು. ಈಗಾಗಲೇ ಫಾರ್ವರ್ಡ್ ಆದವನ್ನು ಅಳಿಸಲು ನಮ್ಮಿಂದ ಆಗಲಿಲ್ಲ.

ಇದನ್ನು ವಿಭಾಗದ ಸಭೆಯಲ್ಲಿ ಹೇಳಿದಾಗ ಕೆಲವು ಸಹೋದ್ಯೋಗಿಗಳು, ಇನ್ನು ಮುಂದೆ ಇಂಟರ್ನ್‌ಶಿಪ್‌ನಲ್ಲಿ ಎಐ ಪೂರ್ತಿ ನಿಷೇಧಿಸಿಬಿಡೋಣ ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನು ಒಪ್ಪಲಿಲ್ಲ. ಈ ಆ್ಯಪ್‌ಗಳು ಪ್ರಶಿಕ್ಷಣಾರ್ಥಿಗಳ ಫೋನಿನಲ್ಲಷ್ಟೇ ಅಲ್ಲ, ಪೋಷಕರ ಫೋನಿನಲ್ಲೂ ಮಕ್ಕಳ ಅಣ್ಣಂದಿರ ಫೋನಿನಲ್ಲೂ ಇವೆ. ಇವತ್ತು ಪ್ರೀತಿಯಿಂದ ಆದದ್ದನ್ನು ನಾಳೆ ಯಾರೋ ದ್ವೇಷದಿಂದ ಮಾಡಬಹುದು. ಆಗ ಆ ಮಗುವಿನ ಮಾತನ್ನು ನಂಬಲು ಮನೆಯವರಿಗೆ, ಊರಿನವರಿಗೆ ಈ ತಿಳಿವಳಿಕೆ ಇರಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದನ್ನು ಹೊಸದಾಗಿ ಕಲಿಸಬೇಕಾದ ಕಾಲ ಇದು. ಕಲಿಸುವವರು ನಾವಲ್ಲದೆ ಇನ್ನಾರು?

ಹಾಗಾಗಿ ಪ್ರಶಿಕ್ಷಣಾರ್ಥಿ, ಮಾರ್ಗದರ್ಶಿ ಶಿಕ್ಷಕರು ಮತ್ತು ನಾನು ಸೇರಿ ಒಂದು ಪಾಠ ಯೋಜನೆ ಮಾಡಿದೆವು. 40 ನಿಮಿಷದ ಒಂದೇ ಅವಧಿ. ಪ್ರಶಿಕ್ಷಣಾರ್ಥಿ ತನ್ನದೇ ಫೋಟೊದಿಂದ ಮಾಡಿದ ಸಂಕ್ರಾಂತಿ ಶುಭಾಶಯದ ವಿಡಿಯೊವನ್ನು ತರಗತಿಯಲ್ಲಿ ಮೂರು ಸಲ ತೋರಿಸಿದರು. ನಿಜವಲ್ಲದ್ದನ್ನು ಹುಡುಕಿ ಎಂಬುದೇ ಚಟುವಟಿಕೆ. ಮೊದಲ ಸಲ ಮಕ್ಕಳು ನಕ್ಕರು. ಎರಡನೆಯ ಸಲ ಕೈಗಳು ಮೇಲೆದ್ದವು. ಬಳೆಗಳ ಸಂಖ್ಯೆ ನಡುವೆ ಬದಲಾಗುತ್ತದೆ ಎಂದ ಒಬ್ಬ. ತಟ್ಟೆಯಲ್ಲಿದ್ದ ಎಳ್ಳು ಒಮ್ಮೆ ಎಳ್ಳು, ಒಮ್ಮೆ ಅಕ್ಕಿ ಎಂದಳು ಒಬ್ಬಳು. ಫಲಕದ ಮೇಲೆ ಯಂತ್ರ ಬರೆದ "ಸಂಕ್ರಾಂತಿ"ಯಲ್ಲಿ ಕಕ್ಕೆ ರವೊತ್ತಿನ ಬದಲು ಏನೋ ಒಂದು ಸುತ್ತು ಇತ್ತು. ಅದನ್ನು ಹಿಂದಿನ ಬೆಂಚಿನ ಹುಡುಗ ಎದ್ದು ಬಂದು ಕಪ್ಪುಹಲಗೆಯ ಮೇಲೆ ಸರಿಯಾಗಿ ಬರೆದು ತೋರಿಸಿದ. ಬರವಣಿಗೆಯಲ್ಲಿ ತೀರ ಹಿಂದುಳಿದವನೆಂದು ನನ್ನ ವೀಕ್ಷಣಾ ಪುಸ್ತಕದಲ್ಲಿ ಗುರುತಿಸಿದ್ದ ಹುಡುಗ ಅವನೇ. ಮೂರನೆಯ ಸಲದ ನಂತರ ಆ ಹುಡುಗಿ ಕೈ ಎತ್ತಿ, "ಮಿಸ್, ನೀವು ನಗುವಾಗ ಒಂದು ಕಣ್ಣು ಚಿಕ್ಕದಾಗುತ್ತೆ. ಇದ್ರಲ್ಲಿ ಆಗಿಲ್ಲ" ಎಂದಳು. ಎರಡು ತಿಂಗಳ ಹಿಂದೆ ಬಂದ ಶಿಕ್ಷಕಿಯನ್ನು ಮಕ್ಕಳು ಎಷ್ಟು ನೋಡಿರುತ್ತಾರೆ ಎಂಬುದು ಆಗ ನನಗೆ ತಿಳಿಯಿತು.

ಕೊನೆಯ ಹತ್ತು ನಿಮಿಷ ಮಕ್ಕಳು ತಮ್ಮ ತಂಡದಲ್ಲಿ ಕುಳಿತು, ಇಂಥ ವಿಡಿಯೊ ಯಾರದಾದರೂ ಬಂದರೆ ಏನು ಮಾಡಬೇಕೆಂದು ಬರೆದರು. "ಮೊದಲು ಅವರನ್ನೇ ಕೇಳಬೇಕು" ಎಂಬ ವಾಕ್ಯ ಎಲ್ಲ ತಂಡಗಳ ಹಾಳೆಯಲ್ಲೂ ಇತ್ತು.

ಈ ಅನುಭವದಿಂದ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಕೆಲವು ಮಾತು ಹೇಳುತ್ತೇನೆ.

ಒಂದು, ವಿದ್ಯಾರ್ಥಿಗಳ ಮುಖವಿರುವ ಫೋಟೊವನ್ನು ಯಾವ ಎಐ ಆ್ಯಪ್‌ಗೂ ಹಾಕಬೇಡಿ. ಶುಭಾಶಯದ ವಿಡಿಯೊ ಮಾಡುವ ಆಸೆಯಿದ್ದರೆ ನಿಮ್ಮ ಸ್ವಂತ ಫೋಟೊ ಇದೆ, ಅಂಗಳದ ರಂಗೋಲಿಯಿದೆ, ಮಕ್ಕಳು ಒಪ್ಪಿ ಕೊಟ್ಟರೆ ಅವರು ಬರೆದ ಚಿತ್ರವಿದೆ. ಮಗು ಬರೆದ ಹಸು ಕೊಂಬು ಅಲ್ಲಾಡಿಸಿದರೆ ಯಾರ ಮನೆಯಲ್ಲೂ ವಿಚಾರಣೆ ನಡೆಯುವುದಿಲ್ಲ.

ಎರಡು, ಯಾವ ಜೀವಂತ ವ್ಯಕ್ತಿಯ ಫೋಟೊ ಬಳಸಿದರೂ ಆ ವ್ಯಕ್ತಿ ಮಾಡದ್ದನ್ನು ಮಾಡಿದಂತೆ, ಹೇಳದ್ದನ್ನು ಹೇಳಿದಂತೆ ತೋರಿಸಲು ಅವರ ಒಪ್ಪಿಗೆ ಬೇಕು. ಮುಖ್ಯ ಶಿಕ್ಷಕರ ಫೋಟೊವೂ ಇದಕ್ಕೆ ಹೊರತಲ್ಲ.

ಮೂರು, "ಇದು ಎಐನಿಂದ ತಯಾರಿಸಿದ್ದು" ಎಂಬ ಸಾಲು ವಿಡಿಯೊದ ಮೇಲೆಯೇ ಇರಲಿ. ಸಂದೇಶದ ಕೆಳಗೆ ಬರೆದರೆ ಫಾರ್ವರ್ಡ್ ಆಗುವಾಗ ಅದು ಉದುರಿಹೋಗಬಹುದು.

ನಾಲ್ಕು, ಕನ್ನಡ ಅಕ್ಷರಗಳನ್ನು ಯಂತ್ರಕ್ಕೆ ಬಿಡಬೇಡಿ. ವಿಡಿಯೊ ತಯಾರಾದ ಮೇಲೆ ಎಡಿಟಿಂಗ್ ಆ್ಯಪ್‌ನಲ್ಲಿ ನೀವೇ ಟೈಪ್ ಮಾಡಿ. ಶಿಕ್ಷಕರು ಕಳಿಸಿದ ಶುಭಾಶಯದಲ್ಲಿ ಒತ್ತಕ್ಷರ ತಪ್ಪಿದರೆ ಮಕ್ಕಳು ಅದನ್ನೇ ಸರಿ ಎಂದುಕೊಳ್ಳುತ್ತಾರೆ.

ಐದು, ಕಳಿಸುವ ಮೊದಲು ಮಾರ್ಗದರ್ಶಿ ಶಿಕ್ಷಕರಿಗೆ ತೋರಿಸಿ.

ನನ್ನಂಥ ಬೋಧಕರಿಗೂ ಒಂದು ಮಾತಿದೆ. ಇಂಟರ್ನ್‌ಶಿಪ್‌ಗೆ ಮುಂಚಿನ ಪರಿಚಯ ಕಾರ್ಯಕ್ರಮದಲ್ಲಿ ನಾವು ಸೀರೆಯ ಬಣ್ಣ, ಹಾಜರಾತಿ, ಪಾಠ ಯೋಜನೆಯ ಪುಟಗಳ ಅಂಚಿನ ಬಗ್ಗೆಯೂ ಹೇಳುತ್ತೇವೆ. ಮಕ್ಕಳ ಫೋಟೊದ ಬಗ್ಗೆ ನಾನು ಒಂದು ಮಾತೂ ಹೇಳಿರಲಿಲ್ಲ. ವರದಿಯಲ್ಲಿ ಹೆಚ್ಚು ಫೋಟೊಗಳಿದ್ದರೆ ಚೆಂದ ಎಂದು ಹೇಳಿದ್ದೂ ನಾನೇ. ಹೊಣೆಯಲ್ಲಿ ನನ್ನ ಪಾಲು ದೊಡ್ಡದು. ಮುಂದಿನ ತಂಡದಿಂದ ಇಂಟರ್ನ್‌ಶಿಪ್ ಕೈಪಿಡಿಯಲ್ಲಿ ಈ ವಿಷಯಕ್ಕೆ ಒಂದು ಪುಟ ಇರುತ್ತದೆ. ವರದಿಗೆ ಮಕ್ಕಳ ಮುಖ ಕಾಣುವ ಫೋಟೊ ಕಡ್ಡಾಯವಲ್ಲ ಎಂಬುದೂ ಅದರಲ್ಲಿರುತ್ತದೆ.

ಈ ಘಟನೆಯನ್ನು ಬರೆಯಲು ಪ್ರಶಿಕ್ಷಣಾರ್ಥಿ, ಆ ಹುಡುಗಿ ಮತ್ತು ಅವಳ ತಂದೆ ಮೂವರ ಒಪ್ಪಿಗೆಯನ್ನೂ ಕೇಳಿದ್ದೇನೆ. ತಂದೆ, "ಬರೀರಿ ಮೇಡಂ, ಬೇರೆಯವ್ರಿಗೂ ಗೊತ್ತಾಗ್ಲಿ" ಎಂದರು. ಹುಡುಗಿ ಸ್ವಲ್ಪ ಯೋಚಿಸಿ, ತನ್ನ ಹೆಸರು ಬೇಡ, ಹಲ್ಲಿನ ವಿಷಯ ಇದ್ದರೆ ಪರವಾಗಿಲ್ಲ ಎಂದಳು. ಹಾಗೆಯೇ ಬರೆದಿದ್ದೇನೆ.