ಮನೋರೋಗದಿಂದ ಚೇತರಿಸಿದವರಿಗೆ ಕಾಯಕ

ಜ್ವರದಿಂದ ಗುಣಹೊಂದಿ ಕೆಲಸಕ್ಕೆ ಮರಳಿದವನನ್ನು ಸಂತೋಷದಿಂದ ಬರಮಾಡಿಕೊಳ್ಳುವ ನಾವು, ಮನೋರೋಗದಿಂದ ಚೇತರಿಸಿ ಬಂದವನನ್ನು ಸಂಶಯದಿಂದ ನೋಡುತ್ತೇವೆ. ದುಡಿಮೆಯನ್ನೇ ಪೂಜೆಯೆಂದು ಬಗೆದ ಶರಣರ ನಾಡಿನಲ್ಲಿ ಈ ಭೇದವು ಸಲ್ಲದು.

ನಮ್ಮ ನಗರದಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಚಿಕಿತ್ಸೆಯೊಡನೆ ಬಡಗಿತನ, ಹೊಲಿಗೆ, ಬೇಕರಿ ಮೊದಲಾದ ಕಸುಬುಗಳ ತರಬೇತಿಯನ್ನೂ ನೀಡುತ್ತ ಬಂದಿದೆ. ಆದರೆ ಆಸ್ಪತ್ರೆಯ ಅಂಗಳದಲ್ಲಿ ಕಲಿತ ಕಸುಬು ಹೊರಗೆ ಅನ್ನವಾಗಬೇಕಾದರೆ ವೈದ್ಯರು, ಸೇವಾಸಂಸ್ಥೆಗಳು, ಕುಟುಂಬದವರು, ಉದ್ಯೋಗದಾತರು ಒಂದುಗೂಡಬೇಕು.

ಕೆಲಸ ದೊರಕಿಸುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟತರ. ಔಷಧದಿಂದ ಬೆಳಗಿನ ಹೊತ್ತು ಮಂಪರು ಕವಿಯಬಹುದು. ರಾತ್ರಿಪಾಳಿಯಿಂದ ನಿದ್ರೆಗೆಟ್ಟು ರೋಗ ಮರುಕಳಿಸಬಹುದು. ವೇಳೆಯಲ್ಲಿ ತುಸು ಸಡಿಲಿಕೆ, ತಪಾಸಣೆಗೆ ರಜೆ, ತೊಂದರೆ ತಲೆದೋರಿದಾಗ ಉದ್ಯೋಗಿಯ ಒಪ್ಪಿಗೆಯಿಂದಲೇ ಸೇವಾಸಂಸ್ಥೆಯ ಕಾರ್ಯಕರ್ತರೊಡನೆ ಸಮಾಲೋಚನೆ, ಇಷ್ಟು ದೊರೆತರೆ ಎಷ್ಟೋ ಮಂದಿ ನೆಲೆನಿಲ್ಲಬಲ್ಲರು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮಾನಸಿಕ ಅಸ್ವಸ್ಥತೆಯನ್ನೂ ಒಳಗೊಂಡು ಸರ್ಕಾರಿ ನೌಕರಿಗಳಲ್ಲಿ ಮೀಸಲಾತಿಯನ್ನು ಕಲ್ಪಿಸಿದೆ. ಆದರೆ ಬಹುಜನರಿಗೆ ಉದ್ಯೋಗ ನೀಡುವುದು ಖಾಸಗಿ ಕಾರ್ಖಾನೆ, ಅಂಗಡಿ, ಕಚೇರಿಗಳು. ಅಲ್ಲಿ ಯಜಮಾನರ ಮನಸ್ಸೇ ಬಾಗಿಲು.

ನಮ್ಮ ವಿದ್ಯಾರಣ್ಯಪುರಕ್ಕೆ ಪೀಣ್ಯದ ಕೈಗಾರಿಕಾ ಪ್ರದೇಶ ದೂರವಿಲ್ಲ. ಉದ್ಯಮಗಳನ್ನು ನಡೆಸುತ್ತಿರುವ ನಮ್ಮ ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ತಲಾ ಒಬ್ಬರಿಗೆ ಎಡೆಗೊಡಲಿ. ಇತರರಿಗೆ ಸಲ್ಲುವ ಕೂಲಿಯನ್ನೇ ಅವರಿಗೂ ಸಲ್ಲಿಸಲಿ. ಅಧ್ಯಾಪಕರಾದ ನಾವು ತರಗತಿಯಲ್ಲಿ ‘ಹುಚ್ಚ’ನೆಂಬ ಹೀಯಾಳಿಕೆಗೆ ಆಸ್ಪದವೀಯದಿರೋಣ. ಇಂದಿನ ಮಕ್ಕಳೇ ನಾಳಿನ ಯಜಮಾನರು, ಸಹೋದ್ಯೋಗಿಗಳು.