ಕ್ಯೋಟೋ ನಗರದಲ್ಲಿ ನಮ್ಮ ಊಟ

ದೂರದ ಪ್ರವಾಸ ಮುಗಿಸಿ ಬಂದವರನ್ನು ನಮ್ಮ ಕಡೆಯ ಮನೆಗಳಲ್ಲಿ ಮೊದಲು ಕೇಳುವುದು, ಏನೇನು ನೋಡಿದಿರಿ ಎಂದಲ್ಲ, "ಊಟಕ್ಕೆ ಏನು ಮಾಡಿದಿರಿ?" ಎಂದು. ಜಪಾನಿನಿಂದ ಮರಳಿದ ಮೇಲೆ ಈ ಪ್ರಶ್ನೆಗೆ ನಾನು ಎಷ್ಟೋ ಜಗಲಿಗಳಲ್ಲಿ ಕುಳಿತು ಉತ್ತರ ಹೇಳಿದ್ದೇನೆ. ಎಪ್ಪತ್ತನಾಲ್ಕು ವರ್ಷದ ಅತ್ತೆಯವರೂ ಜೊತೆಗಿದ್ದರೆಂದು ತಿಳಿದ ಕೂಡಲೇ ಕೇಳುವವರ ಕುತೂಹಲ ಇಮ್ಮಡಿಯಾಗುತ್ತಿತ್ತು. ಆದುದರಿಂದ ಈ ತಿಂಗಳ ಪುಟವನ್ನು ಆ ಉತ್ತರಕ್ಕೇ ಮೀಸಲಿಡುತ್ತೇನೆ.

ನನ್ನ ಮೈದುನ ಓಸಾಕಾ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಮಾರ್ಚ್ ತಿಂಗಳ ಕೊನೆಗೆ ಅಲ್ಲಿ ಶಾಲಾವರ್ಷ ಮುಗಿದು ಮಕ್ಕಳಿಗೆ ರಜೆ ಇರುತ್ತದೆ. ಆ ರಜೆಯಲ್ಲಿ ಅವನ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ನಾನು, ನನ್ನ ಪತಿ, ಅತ್ತೆಯವರು ಹತ್ತಿರದ ಕ್ಯೋಟೋ ನಗರಕ್ಕೆ ಹೋಗಿ ಐದು ದಿನ ತಂಗಿದೆವು. ಮೈದುನನಿಗೂ ಅವನ ಪತ್ನಿಗೂ ಕಚೇರಿ ಇದ್ದುದರಿಂದ ಆ ಬಾಲಕನೇ ನಮ್ಮ ದುಭಾಷಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಜಪಾನೀ ಭಾಷೆ. ಮನೆಯೊಳಗೆ ಕನ್ನಡ, ಕಚೇರಿಯ ಕಿಟಕಿಯ ಮುಂದೆ ಮಲಯಾಳ ಎಂದು ಬೆಳೆದ ನಮ್ಮ ಕಾಸರಗೋಡಿನ ಮಕ್ಕಳಿಗೂ ಅವನಿಗೂ ಈ ವಿಷಯದಲ್ಲಿ ಹೆಚ್ಚಿನ ಭೇದ ನನಗೆ ಕಾಣಲಿಲ್ಲ.

ಅತ್ತೆಯವರ ನಿಯಮ ಓದುಗರಿಗೆ ಅಪರಿಚಿತವಲ್ಲ. ಮೀನು, ಮಾಂಸ, ಮೊಟ್ಟೆಗಳನ್ನು ಅವರು ಮುಟ್ಟಿದವರಲ್ಲ. ನೀರುಳ್ಳಿ, ಬೆಳ್ಳುಳ್ಳಿಗಳನ್ನು ಬಿಟ್ಟು ಮೂವತ್ತು ವರ್ಷಗಳಾದವು. ಪೆಟ್ಟಿಗೆಯಲ್ಲಿ ಹುರಿದ ಅವಲಕ್ಕಿ, ಚಟ್ನಿಹುಡಿ, ಸಾರಿನ ಹುಡಿ ಇದ್ದವು. ಆದರೆ ಐದು ದಿನ ಹುಡಿಗಳ ಮೇಲೆ ಬದುಕುವುದಾದರೆ ಪ್ರವಾಸವೇಕೆ? ಬುದ್ಧನನ್ನು ಪೂಜಿಸುವ ನಾಡಿನಲ್ಲಿ ತರಕಾರಿಯ ಊಟಕ್ಕೆ ಬರಗಾಲವಿರಲಾರದು ಎಂಬುದು ನನ್ನ ಪತಿಯ ವಾದವಾಗಿತ್ತು. ಆ ವಾದಕ್ಕೆ ಇತಿಹಾಸದ ಆಧಾರವೂ ಇತ್ತು. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿಗಳ ಮಾಂಸವನ್ನು ನಿಷೇಧಿಸಿದ್ದನು. ಆ ಪಟ್ಟಿಯಲ್ಲಿ ಮೀನು ಇರಲಿಲ್ಲ. ನಮ್ಮ ತೊಡಕೆಲ್ಲ ಅಲ್ಲಿಯೇ ಇತ್ತು.

ಜಪಾನೀ ಅಡುಗೆಯ ಜೀವ 'ದಾಶಿ' ಎಂಬ ತಿಳಿರಸ. ನಮ್ಮಲ್ಲಿ ಒಗ್ಗರಣೆಗೆ ಇರುವ ಸ್ಥಾನಕ್ಕಿಂತಲೂ ದೊಡ್ಡ ಸ್ಥಾನ ಅಲ್ಲಿ ಅದಕ್ಕಿದೆ. ಸಾರಿಗೆ ಅದು, ಬೇಯಿಸಿದ ಗೆಡ್ಡೆಗೆ ಅದು, ಬಸಲೆಯಂಥ ಸೊಪ್ಪಿನ ಮೇಲೆ ಸುರಿಯುವುದೂ ಅದೇ. ಇದನ್ನು ಸಾಮಾನ್ಯವಾಗಿ ಎರಡು ವಸ್ತುಗಳಿಂದ ಮಾಡುತ್ತಾರೆ. ಒಂದು, ಉತ್ತರದ ಹೊಕ್ಕಾಯ್ದೊ ದ್ವೀಪದಿಂದ ಬರುವ 'ಕೊಂಬು' ಎಂಬ ಕಡಲಪಾಚಿ. ಇನ್ನೊಂದು 'ಕಾತ್ಸುಒಬುಶಿ': ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಮರದಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ್ದು. ಲಕ್ಷದ್ವೀಪದಿಂದ ನಮ್ಮ ಕರಾವಳಿಗೆ ಬರುವ 'ಮಾಸ್' ಕೂಡ ಅದೇ ಜಾತಿಯ ಮೀನನ್ನು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಒಣಗಿಸಿದ್ದು ಎಂದರೆ ನಮ್ಮವರಿಗೆ ಬೇಗ ತಿಳಿದೀತು. ಅದನ್ನು ಕೀಸುಳಿಯಂಥ ಉಪಕರಣದಿಂದ ಕೀಸಿ ಬಿಸಿನೀರಿಗೆ ಹಾಕಿ ಸೋಸಿಬಿಡುತ್ತಾರೆ. ಬಟ್ಟಲಿನಲ್ಲಿ ಮೀನಿನ ತುಣುಕು ಒಂದೂ ಕಾಣದು. ರಸ ಮಾತ್ರ ಅದರದೇ. ಕ್ಯೋಟೋದಲ್ಲಿಯೇ ಹುಟ್ಟಿದ ಇಕೆದಾ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞರು 1908ರಲ್ಲಿ ಕೊಂಬುವಿನ ರಸದಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಮರುವರ್ಷ ಅಂಗಡಿಗೆ ಬಂದ ಅದರ ಹುಡಿಯೇ ನಮಗೂ ಪರಿಚಿತವಾದ ಅಜಿನೊಮೊಟೊ.

ಮೊದಲ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಒಂದು ಓಣಿಯಲ್ಲಿ ಗೋಧಿಯ ದಪ್ಪ ಶಾವಿಗೆ ಮಾರುವ ಸಣ್ಣ ಅಂಗಡಿಗೆ ಹೊಕ್ಕೆವು. ಆ ಶಾವಿಗೆಗೆ 'ಉದೋನ್' ಎಂದು ಹೆಸರು. ಕೈಯೊರಸಲು ಬಿಸಿಯಾದ ಒದ್ದೆ ಬಟ್ಟೆ ಬಂತು, ಕೇಳದೆಯೇ ಚಹ ಬಂತು. ಪಕ್ಕದ ಮೇಜಿನವರ ಬಟ್ಟಲಿನಲ್ಲಿ ಶಾವಿಗೆ, ಕರಿದ ತೋಫು, ತಿಳಿಸಾರು ಮಾತ್ರ ಕಾಣುತ್ತಿದ್ದವು. ಹಸಿದಿದ್ದ ನನ್ನ ಪತಿ "ಇದರಲ್ಲಿ ಏನಿದ್ದೀತು, ಇದನ್ನೇ ತರಿಸೋಣ" ಎಂದರು. ಬಾಲಕನು ಮಾತ್ರ ಅಂಗಡಿಯ ವೃದ್ಧೆಯನ್ನು ಕರೆದು ಏನನ್ನೋ ಕೇಳಿದನು. ಆಕೆ ಎರಡು ಕೈಗಳನ್ನೂ ಅಡ್ಡಡ್ಡವಾಗಿ ಹಿಡಿದು ತೋರಿಸಿದರು. ಆ ನಾಡಿನಲ್ಲಿ ಅದು 'ಆಗದು' ಎಂಬ ಸಂಜ್ಞೆ.

"ಸಾರಿನಲ್ಲಿ ಮೀನು ಇದೆ ಅಜ್ಜಿ. ಎಲ್ಲ ಸಾರಿನಲ್ಲಿಯೂ ಇದೆಯಂತೆ" ಎಂದನು.

"ನಿನಗೆ ಹೇಗೆ ಗೊತ್ತಾಯಿತೋ, ಹಾಗೆ ಕೇಳಬೇಕೆಂದು?"

"ಶಾಲೆಯ ಊಟದಲ್ಲಿ ದಿನವೂ ಇರುತ್ತದೆ" ಎಂದು ಆಡಿದ ಮೇಲೆ ಹುಡುಗನ ಮುಖ ಕಂದಿತು. "ಅಜ್ಜಿಯಲ್ಲಿ ಹೇಳಬೇಡ ಎಂದು ಅಮ್ಮ ಹೇಳಿದ್ದರು."

ಅತ್ತೆಯವರು ಏನನ್ನೂ ಹೇಳಲಿಲ್ಲ. ಹೊರಗೆ ಮಳೆ ಸುರಿಯುತ್ತಲೇ ಇತ್ತು. ವೃದ್ಧೆ ಒಂದು ಕ್ಷಣ ನಮ್ಮನ್ನು ನೋಡಿ ಒಳಗೆ ಹೋದರು. ಬರಿಯ ನೀರಿನಲ್ಲಿ ಬೇಯಿಸಿ ತಣ್ಣೀರಿನಲ್ಲಿ ತೊಳೆದ ಶಾವಿಗೆ, ತುರಿದ ಹಸಿಶುಂಠಿ, ಹುರಿದ ಎಳ್ಳು, ಬೇರೆ ಬಟ್ಟಲಿನಲ್ಲಿ ಸೋಯಾ ರಸ, ಇಷ್ಟನ್ನು ತಂದಿಟ್ಟರು. ಸೋಯಾ ರಸದಲ್ಲಿ ಸೋಯಾ, ಗೋಧಿ, ಉಪ್ಪು ಇವಲ್ಲದೆ ಬೇರೇನೂ ಇಲ್ಲವೆಂದು ಶೀಸೆಯನ್ನೇ ಎತ್ತಿ ಬಾಲಕನಿಂದ ಓದಿಸಿದರು. ಆಕೆ ಬಾಯಿ ಮುಚ್ಚಿಕೊಂಡು ನಾಲ್ಕು ಬಟ್ಟಲು ಸಾರು ಮಾರಿದ್ದರೆ ನಮಗೆ ತಿಳಿಯುವ ಬಗೆಯೇ ಇರಲಿಲ್ಲ. ಹೊರಡುವಾಗ ನನ್ನ ಪತಿ ಲೆಕ್ಕಕ್ಕಿಂತ ಹೆಚ್ಚಿನ ನಾಣ್ಯಗಳನ್ನು ಮೇಜಿನ ಮೇಲೆ ಬಿಟ್ಟರು. ಆಕೆ ಮಳೆಯಲ್ಲಿಯೇ ಓಡಿಬಂದು ಅವನ್ನು ಹಿಂದಿರುಗಿಸಿದರು. ಆ ದೇಶದಲ್ಲಿ ಇನಾಮು ಕೊಡುವ ವಾಡಿಕೆಯಿಲ್ಲ.

ಮರುದಿನ ನಿಶಿಕಿ ಪೇಟೆಗೆ ಹೋದೆವು. ಮಾಡು ಹಾಕಿದ, ಸುಮಾರು 400 ಮೀಟರ್ ಉದ್ದದ ಇಕ್ಕಟ್ಟಾದ ಬೀದಿ; ಕ್ಯೋಟೋದ ಅಡುಗೆಮನೆಯೆಂದೇ ಅದಕ್ಕೆ ಹೆಸರು. ಅಲ್ಲಿ ಅತ್ತೆಯವರು ಬಹಳ ಹೊತ್ತು ನಿಂತದ್ದು ಉಪ್ಪಿನಕಾಯಿಯ ಅಂಗಡಿಗಳ ಮುಂದೆ. ಅಕ್ಕಿಯ ತೌಡಿನಲ್ಲಿ ಹುಗಿದ ಮೂಲಂಗಿ, ಬದನೆಯನ್ನು ಕೆಂಪು ಶಿಸೊ ಎಲೆಯೊಡನೆ ಉಪ್ಪಿನಲ್ಲಿ ಹುಳಿಯಿಸಿದ ಶಿಬಾಜುಕೆ, ಕಾಗದದಷ್ಟು ತೆಳ್ಳಗೆ ಹೆಚ್ಚಿದ ಗೆಡ್ಡೆಯ ಸೆನ್‌ಮಾಯ್‌ಜುಕೆ. ಎಣ್ಣೆಯಿಲ್ಲ, ಸಾಸಿವೆಯಿಲ್ಲ, ಮೆಣಸಿನ ಆರ್ಭಟವಿಲ್ಲ. "ನಮ್ಮ ಉಪ್ಪುಸೊಳೆಯ ಕ್ರಮವೇ ಇದು" ಎಂದರು ಅತ್ತೆಯವರು. ಆಷಾಢದ ಮಳೆಗೆಂದು ಹಲಸಿನ ಸೊಳೆಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕಿಡುವ ಕೈಗಳಿಗೆ ಆ ಮರದ ಪೀಪಾಯಿಗಳ ಭಾಷೆ ತಿಳಿಯಿತು. ಕೆಲವು ಉಪ್ಪಿನಕಾಯಿಗಳಿಗೂ ಮೀನಿನ ಕೀಸನ್ನು ಬೆರೆಸುತ್ತಾರೆಂದು ಬಾಲಕನು ಪ್ರತಿಯೊಂದು ಚೀಟಿಯನ್ನೂ ಓದಿ ಹೇಳುತ್ತಿದ್ದನು. ಓದಲಾಗದ ಲಿಪಿ ಬಂದಾಗ "ಇದು ನನಗೆ ತಿಳಿಯದು, ಕೇಳುತ್ತೇನೆ" ಎನ್ನುತ್ತಿದ್ದನೇ ಹೊರತು ಊಹಿಸಿ ಹೇಳಲಿಲ್ಲ.

ನಾನ್‌ಜೆನ್‌ಜಿ ದೇವಾಲಯದ ಸುತ್ತಿನಲ್ಲಿ 'ಯುದೋಫು' ಬಡಿಸುವ ಮನೆಗಳಿವೆ. ಮಣ್ಣಿನ ಪಾತ್ರೆಯಲ್ಲಿ ನೀರು, ಅದರಲ್ಲಿ ಒಂದು ತುಂಡು ಕೊಂಬು, ಮೇಲೆ ತೋಫುವಿನ ಬಿಳಿಯ ತುಂಡುಗಳು. ಮೇಜಿನ ಮೇಲೆಯೇ ಸಣ್ಣ ಉರಿಯಲ್ಲಿ ಕಾಯುತ್ತಿರುತ್ತದೆ. ಇದಕ್ಕಿಂತ ಸಾತ್ವಿಕವಾದ ಪದಾರ್ಥವುಂಟೇ ಎಂದು ತೋರುತ್ತದೆ. ಆದರೆ ಅದ್ದಿಕೊಳ್ಳುವ ರಸದಲ್ಲಿ ಮತ್ತೆ ಅದೇ ದಾಶಿ! ಇಲ್ಲಿಯೂ ಬರಿಯ ಸೋಯಾ ರಸವನ್ನು ಕೇಳಿ ಪಡೆದೆವು. ಅನ್ನದ ಬಟ್ಟಲಿನಲ್ಲಿ ನನ್ನ ಪತಿ ಊಟದ ಕಡ್ಡಿಗಳನ್ನು ನೆಟ್ಟಗೆ ಊರಿದಾಗ ಬಾಲಕನು ಗಾಬರಿಯಿಂದ ಅವನ್ನು ಕಿತ್ತು ಮಲಗಿಸಿದನು. ಸತ್ತವರಿಗೆ ಇಡುವ ಅನ್ನದಲ್ಲಿ ಮಾತ್ರ ಹಾಗೆ ಊರುತ್ತಾರೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸನ್ನು ದಾಟಿಸುವುದೂ ನಿಷಿದ್ಧ. ದಹನವಾದ ಮೇಲೆ ಅಸ್ಥಿಯನ್ನು ಎತ್ತುವುದು ಆ ರೀತಿಯಲ್ಲಿ. ಶ್ರಾದ್ಧದ ಎಡೆಗೂ ದಿನದ ಎಡೆಗೂ ಇರುವ ಭೇದವನ್ನು ಬಲ್ಲ ಅತ್ತೆಯವರಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ನಾಲ್ಕನೆಯ ದಿನದ ಊಟವನ್ನು ನಾವು ಮರೆಯುವಂತಿಲ್ಲ. ನಗರದ ಪಶ್ಚಿಮಕ್ಕೆ ಅರಾಶಿಯಾಮಾ ಬೆಟ್ಟದ ಬುಡದಲ್ಲಿ 1339ರಲ್ಲಿ ಸ್ಥಾಪಿತವಾದ ತೆನ್ರ್ಯೂಜಿ ಎಂಬ ಜೆನ್ ಮಠವಿದೆ. ಅದರ ಆವರಣದಲ್ಲಿರುವ ಶಿಗೆತ್ಸು ಎಂಬ ಭೋಜನಶಾಲೆಯಲ್ಲಿ ಮಧ್ಯಾಹ್ನ 'ಶೋಜಿನ್' ಊಟ ಬಡಿಸುತ್ತಾರೆ. 'ಶೋಜಿನ್' ಎಂಬುದು ಬೌದ್ಧರ 'ವೀರ್ಯ', ಅಂದರೆ ಎಡೆಬಿಡದ ಸಾಧನೆ, ಎಂಬ ಸಂಸ್ಕೃತ ಶಬ್ದಕ್ಕೆ ಅವರು ಬಳಸುವ ಪದ. ಈ ಅಡುಗೆಯಲ್ಲಿ ಮೀನು, ಮಾಂಸಗಳಿಲ್ಲ. ನೀರುಳ್ಳಿ, ಬೆಳ್ಳುಳ್ಳಿಗಳಂಥ ಕಟುವಾಸನೆಯ ಗೆಡ್ಡೆಗಳೂ ಇಲ್ಲ. ದಾಶಿಯನ್ನು ಕೊಂಬುವಿನಿಂದಲೂ ಒಣಗಿದ ಅಣಬೆಯಿಂದಲೂ ಮಾಡುತ್ತಾರೆ. ನಮ್ಮ ವ್ರತದೂಟದ ನಿಯಮಗಳನ್ನು ಕಡಲಾಚೆ ಯಾರೋ ಬರೆದಿಟ್ಟುಕೊಂಡಂತೆ!

ಚಾಪೆಯ ಮೇಲೆ ಕುಳಿತೆವು. ಕೆಂಪು ಅರಗಿನ ಮಣೆಯಲ್ಲಿ ಕೆಂಪು ಬಟ್ಟಲುಗಳು ಬಂದವು. ಎಳ್ಳನ್ನು ಅರೆದು ಕುಜು ಎಂಬ ಬಳ್ಳಿಯ ಗೆಡ್ಡೆಯ ಹಿಟ್ಟಿನೊಡನೆ ಕಾಯಿಸಿ ಹೆಪ್ಪುಗಟ್ಟಿಸಿದ ಗೋಮಾದೋಫು ಬಾಯಿಗಿಟ್ಟಾಗ, ಸಕ್ಕರೆ ಹಾಕದ ಕೂವೆಹುಡಿಯ ಮಣ್ಣಿಯ ನೆನಪಾಯಿತು. ಸೋಯಾ ಹಾಲಿನ ಮೇಲಿನ ಕೆನೆಯನ್ನು ಎತ್ತಿ ಮಾಡಿದ ಯುಬಾ, ಗೋಧಿಯ ಸತ್ವದಿಂದ ಮಾಡಿದ ಫು, ಎಳೆಯ ಕಣಿಲೆ. ನಮ್ಮಲ್ಲಿ ಕಣಿಲೆ ಮಳೆಗಾಲದ್ದು, ಅಲ್ಲಿ ವಸಂತದ್ದು. ನಾವು ನೀರು ಬದಲಿಸಿ ಅದರ ಕಹಿ ತೆಗೆದರೆ ಅವರು ಅಕ್ಕಿಯ ತೌಡಿನೊಡನೆ ಬೇಯಿಸಿ ತೆಗೆಯುತ್ತಾರೆ. ಐದು ದಿನಗಳಲ್ಲಿ ಮೊದಲ ಬಾರಿಗೆ ಅತ್ತೆಯವರು ಏನನ್ನೂ ಕೇಳದೆ ಉಂಡರು. ಬಟ್ಟಲಿನಲ್ಲಿ ಒಂದಗುಳೂ ಉಳಿಯಲಿಲ್ಲ.

ಈ ಊಟದ ಹಿಂದೆ ಒಂದು ಚಿಂತನೆಯೂ ಇದೆ. ಕ್ಯೋಟೋದಲ್ಲಿ 1200ರಲ್ಲಿ ಜನಿಸಿದ ದೋಗೆನ್ ಎಂಬ ಜೆನ್ ಆಚಾರ್ಯರು 1237ರಲ್ಲಿ ಮಠದ ಅಡುಗೆಯವನಿಗಾಗಿಯೇ 'ತೆಂಜೊ ಕ್ಯೋಕುನ್' ಎಂಬ ಕಿರುಗ್ರಂಥವನ್ನು ಬರೆದರು. ತರುಣರಾಗಿ ಚೀನಕ್ಕೆ ಹೋದಾಗ, ಮಠದ ಅಡುಗೆಗೆ ಸಾಮಾನು ಕೊಳ್ಳಲೆಂದು ಹಡಗಿಗೆ ಬಂದ ಅರುವತ್ತೊಂದು ವರ್ಷದ ಸನ್ಯಾಸಿಯೊಬ್ಬರನ್ನು ಅವರು ಕಂಡರಂತೆ. ಈ ವಯಸ್ಸಿನಲ್ಲಿ ಧ್ಯಾನ, ಅಧ್ಯಯನ ಬಿಟ್ಟು ಅಡುಗೆಯ ಗೋಜೇಕೆ ಎಂದು ಕೇಳಿದಾಗ ಆ ವೃದ್ಧರು ನಕ್ಕುಬಿಟ್ಟರು. ಸಾಧನೆಯೆಂದರೇನೆಂಬುದೇ ಈ ಯುವಕನಿಗೆ ತಿಳಿಯದೆಂದರು. ಅನ್ನವನ್ನು ಸ್ವಂತ ಕಣ್ಣಿನಂತೆ ಕಾಯಬೇಕೆಂದೂ, ತಾಯಿತಂದೆಯರ ಮನಸ್ಸಿನಿಂದ ಅಡುಗೆ ಮಾಡಬೇಕೆಂದೂ ಆ ಗ್ರಂಥ ಹೇಳುತ್ತದೆ. ನನ್ನ ಪತಿ ಇದನ್ನು ವಿವರಿಸುತ್ತಿದ್ದಾಗ ಅತ್ತೆಯವರು ಮೊಮ್ಮಗನನ್ನು ನೋಡುತ್ತಿದ್ದರು.

"ಶಾಲೆಯಲ್ಲಿ ನಿನಗೆ ಬಡಿಸುವವರು ಯಾರು?" ಎಂದು ಕೇಳಿದರು.

ಸರದಿಯಂತೆ ಮಕ್ಕಳೇ ಬಿಳಿಯ ಟೋಪಿ, ಮೇಲಂಗಿ ಧರಿಸಿ ಪಾತ್ರೆಗಳನ್ನು ಹೊತ್ತು ತಂದು ಬಡಿಸುತ್ತಾರೆ, ಗುರುಗಳೂ ಜೊತೆಯಲ್ಲಿಯೇ ಉಣ್ಣುತ್ತಾರೆ, ಎಲ್ಲರಿಗೂ ಒಂದೇ ಊಟ ಎಂದು ಬಾಲಕನು ಹೇಳಿದನು. ತನ್ನ ಸರದಿಯಲ್ಲಿ ತಾನೂ ಬಡಿಸುತ್ತೇನೆಂದು ಸೇರಿಸಿದನು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ನಾಲ್ಕು ಮಕ್ಕಳ ಜೊತೆ ಕುಳಿತು ಹಾಕಿದ್ದನ್ನು ಉಣ್ಣು ಮಗೂ. ಮುಂದೆ ದೊಡ್ಡವನಾದಾಗ ಏನು ಉಣ್ಣಬೇಕೆಂದು ನೀನೇ ನಿಶ್ಚಯಿಸುವಿ. ನನ್ನ ಹತ್ತಿರ ಮುಚ್ಚಿಡಬೇಡ, ಅಷ್ಟೇ." ಅವರಿಗೆ ನೋವಾಗಲಿಲ್ಲವೆಂದು ನಾನು ಹೇಳಲಾರೆ. ಆ ರಾತ್ರಿ ಅಂಗಡಿಯಿಂದ ತಂದ ಮೊಸರಿನಲ್ಲಿ ಅನ್ನ ಕಲಸಿ, ಚಟ್ನಿಹುಡಿ ಸೇರಿಸಿ, ಒಂಬತ್ತು ವರ್ಷದವನಿಗೆ ಕೈತುತ್ತು ಹಾಕಿದರು. ಓಸಾಕಾಕ್ಕೆ ಮರಳಿದ ಮೇಲೆ ಸೊಸೆಯನ್ನು ಕರೆದು, "ಮಗುವಿನ ಬಾಯಲ್ಲಿ ಸುಳ್ಳು ಇಡಬೇಡಮ್ಮ" ಎಂದು ಒಂದು ಮಾತು ಹೇಳಿದರು. ಮೀನಿನ ವಿಷಯವನ್ನು ಎತ್ತಲೇ ಇಲ್ಲ.

ಅತ್ತ ಹೋಗುವವರಿಗೆ ಕೆಲವು ಸೂಚನೆಗಳು. 'ಸಕಾನಾ ನೊ ದಾಶಿ ವಾ ಹೈತ್ತೆ ಇಮಾಸು ಕಾ' ಎಂಬ ವಾಕ್ಯವನ್ನು ಕಲಿತುಕೊಳ್ಳಿರಿ; 'ಮೀನಿನ ದಾಶಿ ಸೇರಿದೆಯೇ' ಎಂದು ಅದರ ಅರ್ಥ. 'ತರಕಾರಿ ಮಾತ್ರ' ಎಂದರೆ ಸಾಲದು, ದಾಶಿಯನ್ನು ಹೆಸರಿಸಿಯೇ ಕೇಳಬೇಕು. ಜಪಾನೀ ಲಿಪಿಯಲ್ಲಿ ಬರೆಸಿದ ಚೀಟಿಯೊಂದು ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಕೆಲವು ಬಗೆಯ ಮೊಸರಿನಲ್ಲಿ ಜೆಲಟಿನ್ ಇರುವುದುಂಟು, ಚೀಟಿ ಓದಿಸಿ ಕೊಳ್ಳಿರಿ. ಮಠದ ಊಟ ಮಧ್ಯಾಹ್ನ ಮಾತ್ರ. ಮುಂದಾಗಿ ತಿಳಿಸುವುದು ಕ್ಷೇಮ. ಕುಚ್ಚಲಕ್ಕಿಯ ಊಟದವರಿಗೆ ಅಲ್ಲಿನ ಅನ್ನ ಅಂಟಾಗಿ ತೋರಿದರೂ ಎರಡು ದಿನದಲ್ಲಿ ಒಗ್ಗುತ್ತದೆ.

ಇನ್ನೊಂದು ಪದವನ್ನೂ ಕಲಿಯಬೇಕು. ಉಂಡೆದ್ದವರು ಬಡಿಸಿದವರಿಗೆ 'ಗೊಚಿಸೋಸಾಮಾ' ಎನ್ನುತ್ತಾರೆ. ಅದರೊಳಗಿನ 'ಚಿಸೋ' ಎಂಬುದಕ್ಕೆ ಓಡಾಟವೆಂದು ಮೂಲಾರ್ಥ. ಅತಿಥಿಗಾಗಿ ಪಟ್ಟ ಓಡಾಟಕ್ಕೆ ಅದು ವಂದನೆ. 'ಅನ್ನದಾತಾ ಸುಖೀಭವ' ಎಂದು ಹರಸಿ ಏಳುವ ಪಂಕ್ತಿಯಿಂದ ಬಂದ ಅತ್ತೆಯವರು ಈ ಪದವನ್ನು ಮೊಮ್ಮಗನಿಂದ ಹೇಳಿಸಿಕೊಂಡು ಕಲಿತರು. ಈಗಲೂ ಅವನು ದೂರವಾಣಿಯಲ್ಲಿ "ಊಟ ಆಯಿತೇ ಅಜ್ಜಿ?" ಎಂದು ಕನ್ನಡದಲ್ಲಿ ಕೇಳಿದರೆ, ಅವರು ಈ ಕಡೆಯಿಂದ "ಗೊಚಿಸೋಸಾಮಾ" ಎನ್ನುತ್ತಾರೆ.